ಒಂದೇ ತಲೆಯ ಎರಡು ಚಿತ್ರ

ಬೀದಿಯವರಿಗೆಲ್ಲ ಅವಳು ಇಸ್ತ್ರಿಯಮ್ಮ. ಮನೆಯಲ್ಲಿ ಮಾತ್ರ ಪುಕ್ಕಲಿ. ಆ ಹೆಸರಿಟ್ಟವಳು ಅವಳ ಅಕ್ಕ. ಅಕ್ಕ ಎಂದರೆ ಎಷ್ಟು ದೊಡ್ಡವಳು ಎನ್ನುತ್ತೀರಿ? ಹತ್ತೇ ಹತ್ತು ನಿಮಿಷ! ಇಬ್ಬರೂ ಅವಳಿಗಳು, ಒಂದೇ ಮೂಗು, ಒಂದೇ ಹಣೆ, ನಕ್ಕರೆ ಒಂದೇ ಕಡೆ ಬೀಳುವ ಕುಳಿ. ಹತ್ತು ನಿಮಿಷ ಮುಂಚೆ ಭೂಮಿಗೆ ಬಂದದ್ದನ್ನೇ ಬಂಡವಾಳ ಮಾಡಿಕೊಂಡು ಐವತ್ತು ದಾಟುವವರೆಗೂ ಯಜಮಾನಿಕೆ ನಡೆಸಿದ ಹೆಂಗಸು ಆ ಅಕ್ಕ. ತಂಗಿಯೂ ಅಷ್ಟೆ, ಒಂದು ದಿನಕ್ಕೂ ಅದನ್ನು ಪ್ರಶ್ನಿಸಿದವಳಲ್ಲ.

ಅಕ್ಕ ಸಿಟಿ ಬಸ್ಸಿನ ಕಂಡಕ್ಟರ್. ಗಂಟಲು ತೆಗೆದರೆ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದವನು ಮುಂದಿನ ಸ್ಟಾಪಿನಲ್ಲಿ ಇಳಿದುಬಿಡಬೇಕು, ಅಂಥ ಗಂಟಲು. ಮದುವೆ ಎಂಬುದನ್ನು ಹತ್ತಿರಕ್ಕೆ ಬಿಟ್ಟುಕೊಳ್ಳಲಿಲ್ಲ. ತಂಗಿ ಮತ್ತು ತಂಗಿಯ ಗಂಡ ನಡೆಸುವ ಲಾಂಡ್ರಿಯ ಮೇಲಿನ ಕೋಣೆಯಲ್ಲಿ ವಾಸ; ಊಟ ಮಾತ್ರ ಕೆಳಗೆ. ತಂಗಿಯ ಗಂಡನೋ, ಬಾಯಲ್ಲಿ 'ಹೂಂ' ಬಿಟ್ಟರೆ ಬೇರೆ ಶಬ್ದವಿಲ್ಲದ ಮನುಷ್ಯ. ಕೌಂಟರಿನಲ್ಲಿ ಕೂತು ಬಟ್ಟೆಗೆ ಗುರುತಿನ ಚೀಟಿ ಪಿನ್ನು ಮಾಡುವುದು ಅವನ ಕೆಲಸ. ಒಳಗೆ ಹಬೆಯ ನಡುವೆ ನಿಂತು ಇಸ್ತ್ರಿ ಹಾಕುವುದು ಪುಕ್ಕಲಿಯ ಕೆಲಸ.

ಆ ಮೇಜಿನ ಮುಂದೆ ನಿಂತಾಗ ಅವಳನ್ನು ನೋಡಬೇಕು ನೀವು. ಕಾಲರನ್ನು ತುದಿಯಿಂದ ನಡುವಿಗೆ ಒತ್ತುತ್ತಾಳೆ, ನಡುವಿನಿಂದ ತುದಿಗೆ ಒತ್ತಿದರೆ ಸುಕ್ಕು ಮೂಲೆಯಲ್ಲಿ ಗುಂಪುಕಟ್ಟುತ್ತದೆ ಎಂದು. ಚೆನ್ನಾಗಿ ಕಾದ ಇಸ್ತ್ರಿ ಪೆಟ್ಟಿಗೆಯನ್ನು ರೇಷ್ಮೆಯ ಮೇಲೆ ಒದ್ದೆ ಬಟ್ಟೆ ಹಾಸಿ ಆಡಿಸುವಾಗ ಆ ಕೈಗೆ ಭಯವೆಂಬುದೇ ಇಲ್ಲ. ಆದರೆ ಮೇಜು ಬಿಟ್ಟು ಈಚೆ ಬಂದಳೋ, ಮುಗಿಯಿತು. ಲಿಫ್ಟ್ ಎಂದರೆ ಭಯ, ಊದಿದ ಬಲೂನು ಎಂದರೆ ಭಯ, ಬಚ್ಚಲುಮನೆಯ ಚಿಲಕ ಹಾಕಲು ಭಯ. "ಒಳಗೆ ಇದ್ದೀನಿ, ಯಾರೂ ಬರಬೇಡಿ" ಎಂದು ಒಂದೇ ರಾಗದಲ್ಲಿ ಹೇಳುತ್ತಾ ಸ್ನಾನ ಮಾಡುವ ಹೆಂಗಸನ್ನು ಬೇರೆಲ್ಲಾದರೂ ಕಂಡಿದ್ದೀರಾ? ಮನೆಯವರಿಗೆ ಅದು ಅಭ್ಯಾಸವಾಗಿಬಿಟ್ಟಿತ್ತು.

ಈ ಅಕ್ಕತಂಗಿಯರಿಗೆ ಇನ್ನೊಂದು ಸಂಬಂಧವಿತ್ತು. ಊರಿನ ವಿಶ್ವವಿದ್ಯಾಲಯದಲ್ಲಿ ಅವಳಿಗಳ ಮೇಲೆ ಒಂದು ದೊಡ್ಡ ಸಂಶೋಧನೆ ನಡೆಯುತ್ತಿತ್ತು. ಸಿಟ್ಟು, ಭಯ, ಧೈರ್ಯ ಇವೆಲ್ಲ ಹುಟ್ಟಿನಿಂದಲೇ ರಕ್ತದಲ್ಲಿ ಬರುತ್ತವೋ, ಬೆಳೆಯುತ್ತಾ ಬದುಕು ಕಲಿಸುತ್ತದೋ ಎಂಬುದು ಅಲ್ಲಿನವರ ಪ್ರಶ್ನೆ. ಒಂದೇ ಬೀಜದಿಂದ ಒಡೆದು ಬಂದ ಅವಳಿಗಳು ಒಬ್ಬರಿಗೊಬ್ಬರು ಎಷ್ಟು ಹೋಲುತ್ತಾರೆ, ಬೇರೆ ಬೇರೆ ಬೀಜದ ಅವಳಿಗಳು ಎಷ್ಟು ಹೋಲುತ್ತಾರೆ ಎಂದು ಹೋಲಿಸಿ ಉತ್ತರ ಹುಡುಕುವುದು ಅವರ ದಾರಿ. ಅದಕ್ಕಾಗಿ ಇವರಿಬ್ಬರೂ ಆಗಾಗ ಹೋಗಿಬರುತ್ತಿದ್ದರು. ತಲೆಗೆ ತಂತಿಗಳ ಟೊಪ್ಪಿ ಹಾಕಿ, ಕೂದಲ ಬುಡಕ್ಕೆಲ್ಲ ತಣ್ಣನೆಯ ಅಂಟು ಮೆತ್ತಿ ಮಿದುಳಿನ ಅಲೆ ಬರೆಯುತ್ತಿದ್ದರು. ಬೆರಳಿನ ತುದಿಗೆ ಪಟ್ಟಿ ಸುತ್ತಿ, ಇದ್ದಕ್ಕಿದ್ದಂತೆ ಕಿವಿಯಲ್ಲಿ ಢಮ್ ಎನಿಸಿ, ಎಷ್ಟು ಬೆವರಿತು ಎಂದು ಅಳೆಯುತ್ತಿದ್ದರು.

ಅಳೆಯುವವಳು ಒಬ್ಬ ಚಿಕ್ಕ ವಯಸ್ಸಿನ ಸಂಶೋಧಕಿ. ಇವರು ಅವಳನ್ನು ಡಾಕ್ಟರಮ್ಮ ಎನ್ನುತ್ತಿದ್ದರು. ಢಮ್ ಎಂದಾಗ ಅಕ್ಕನ ಗೆರೆ ಪರದೆಯ ಮೇಲೆ ಮಿಸುಕುತ್ತಲೇ ಇರಲಿಲ್ಲ. ಪುಕ್ಕಲಿಯ ಗೆರೆ ಪರದೆ ದಾಟಿ ಮೇಲಕ್ಕೆ ಹಾರುತ್ತಿತ್ತು, ಅವಳ ಜೊತೆ ಕುರ್ಚಿಯೂ ಹಾರುತ್ತಿತ್ತು.

"ಒಂದೇ ಬೀಜ ಅಂತೀರಿ, ಇವಳಿಗೆ ಮಾತ್ರ ಯಾಕಮ್ಮ ಹೀಗೆ?" ಎಂದು ಅಕ್ಕ ರೇಗಿಸುವಳು.

"ಅದನ್ನೇ ಹುಡುಕ್ತಾ ಇದ್ದೀವಿ. ನಿಮ್ಮಂಥ ಜೋಡಿ ನಮಗೆ ಬೇಕೇ ಬೇಕು" ಎಂದು ಡಾಕ್ಟರಮ್ಮ ನಗುವಳು. ಮಕ್ಕಳಿಲ್ಲದ ಪುಕ್ಕಲಿಗೆ ಆ ಹುಡುಗಿಯ ಮೇಲೆ ಜೀವ. ಅವಳ ಬಿಳಿ ಕೋಟನ್ನು ತಾನೇ ಕೇಳಿ ಪಡೆದು, ಗರಿಗರಿಯಾಗಿ ಇಸ್ತ್ರಿ ಮಾಡಿ ಕೊಟ್ಟುಬರುತ್ತಿದ್ದಳು.

ಹೀಗಿರುವಾಗ ಆ ವರ್ಷ ಸಂಶೋಧನೆಗೆ ಹೊಸ ಯಂತ್ರ ಬಂತು. ಆಸ್ಪತ್ರೆಯ ನೆಲಮಾಳಿಗೆಯ ಸ್ಕ್ಯಾನಿಂಗ್ ಯಂತ್ರ. ಬಿಳಿಯ ದೊಡ್ಡ ಕೊಳವೆ. ಅದರೊಳಗೆ ಮಲಗಬೇಕು, ತಲೆಗೆ ಪಂಜರ ಹಾಕುತ್ತಾರೆ, ಅಲ್ಲಾಡಕೂಡದು. ಒಳಗಿನ ಕನ್ನಡಿಯಲ್ಲಿ ಹೆದರಿಸುವ ಮುಖಗಳು ಬರುತ್ತವೆ, ಆಗ ಮಿದುಳಿನ ಯಾವ ಭಾಗ ಎಚ್ಚರವಾಗುತ್ತದೆ ಎಂದು ಹೊರಗಿನಿಂದ ನೋಡುತ್ತಾರೆ. ಡಾಕ್ಟರಮ್ಮ ಹೇಳುತ್ತಾ ಹೋದಂತೆ ಪುಕ್ಕಲಿ ಕುರ್ಚಿಯನ್ನು ಹಿಂದಕ್ಕೆ ಸರಿಸುತ್ತಾ ಹೋದಳು. ಆಗುವುದಿಲ್ಲ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಜೋಡಿಯಲ್ಲಿ ಒಬ್ಬರು ಬಿಟ್ಟರೆ ಇನ್ನೊಬ್ಬರದ್ದೂ ವ್ಯರ್ಥ. ಆ ಹುಡುಗಿ ಅಷ್ಟು ಆಸೆ ಇಟ್ಟುಕೊಂಡಿದ್ದಾಳೆ. ಮನೆಗೆ ಬಂದು ಅಕ್ಕನ ಮುಂದೆ ಅತ್ತಳು.

"ಅಯ್ಯೋ, ಇಷ್ಟಕ್ಕಾ? ನಿನ್ನ ಪಾಲಿಂದೂ ನಾನೇ ಮಲಗ್ತೀನಿ ಬಿಡು" ಎಂದಳು ಅಕ್ಕ.

"ಗೊತ್ತಾಗಲ್ವಾ?"

"ಹೆತ್ತ ಅಮ್ಮನಿಗೇ ಗೊತ್ತಾಗ್ತಿರಲಿಲ್ಲ, ಇವರಿಗೇನು ಗೊತ್ತಾಗುತ್ತೆ!"

ಪುಕ್ಕಲಿ "ಬೇಡ ಅಕ್ಕಾ, ತಪ್ಪಾಗುತ್ತೆ" ಎಂದಳು. ಅಂದ ರೀತಿಯಲ್ಲೇ 'ದಯವಿಟ್ಟು ಮಾಡು' ಎಂಬುದು ಎದ್ದು ಕಾಣುತ್ತಿತ್ತು. ಸ್ಕ್ಯಾನಿಂಗಿನ ದಿನ ಬೆಳಿಗ್ಗೆ ಅಕ್ಕ ಅಕ್ಕನಾಗಿಯೇ ಹೋಗಿ ಮಲಗಿ ಬಂದಳು. ಮಧ್ಯಾಹ್ನ ಕ್ಯಾಂಟೀನಿನ ಹಿಂದಿನ ಶೌಚಾಲಯದಲ್ಲಿ ಇಬ್ಬರೂ ಸ್ವೆಟರ್ ಬದಲಾಯಿಸಿಕೊಂಡರು, ಕನ್ನಡಕ ಬದಲಾಯಿಸಿಕೊಂಡರು. ಅಕ್ಕ ಹೆಗಲು ಕುಗ್ಗಿಸಿ, ಕಣ್ಣು ಪಿಳಿಪಿಳಿ ಮಾಡುತ್ತಾ ಪುಕ್ಕಲಿಯ ನಡಿಗೆಯಲ್ಲಿ ನೆಲಮಾಳಿಗೆಗೆ ಇಳಿದಳು. ಯಂತ್ರ ನಡೆಸುವ ಟೆಕ್ನಿಷಿಯನ್ ಇವರನ್ನು ಎಂದೂ ಕಂಡವನಲ್ಲ, ಮೇಲಿನ ಕೋಣೆಯಲ್ಲಿದ್ದ ಡಾಕ್ಟರಮ್ಮ ಕೆಳಗೆ ಬರಲೂ ಇಲ್ಲ. ಅಕ್ಕ ಒಳಗೆ ನಿದ್ದೆಯನ್ನೂ ಹೊಡೆದು ಬಂದಳಂತೆ. ಇಬ್ಬರೂ ದಾರಿಯುದ್ದಕ್ಕೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೆಲವು ದಿನದ ಮೇಲೆ ಡಾಕ್ಟರಮ್ಮ ಇಬ್ಬರನ್ನೂ ಕರೆಸಿದಳು. ಗುಟ್ಟು ರಟ್ಟಾಯಿತೆಂದು ಪುಕ್ಕಲಿಗೆ ಜೀವ ಬಾಯಿಗೆ ಬಂತು. ಕೋಣೆಯಲ್ಲಿ ಒಬ್ಬ ಹಿರಿಯ ನರರೋಗ ತಜ್ಞರೂ ಕೂತಿದ್ದರು. ಪರದೆಯ ಮೇಲೆ ಅಕ್ಕಪಕ್ಕದಲ್ಲಿ ಎರಡು ಚಿತ್ರ, ಹೋಳು ಮಾಡಿದ ಹೂಕೋಸಿನಂತೆ. ಎರಡರಲ್ಲೂ ಬಲಗಡೆ, ಒಂದೇ ಜಾಗದಲ್ಲಿ, ಬಟಾಣಿ ಗಾತ್ರದ ಒಂದು ಬಿಳಿ ಚುಕ್ಕೆ.

"ಇಬ್ಬರ ತಲೆಯಲ್ಲೂ ಒಂದು ಸಣ್ಣ ಗಂಟಿದೆ" ಎಂದರು ತಜ್ಞರು. "ಹೆದರಬೇಡಿ. ಒಬ್ಬರಲ್ಲೇ ಇದ್ದಿದ್ದರೆ ನಾನೂ ಯೋಚನೆ ಮಾಡ್ತಿದ್ದೆ, ಹೊಸದಾಗಿ ಬೆಳೀತಿದೆಯೇನೋ ಅಂತ. ಅವಳಿಗಳಿಬ್ಬರಲ್ಲೂ ಇಷ್ಟು ಸರಿಯಾಗಿ ಒಂದೇ ಕಡೆ ಇದೆ ಅಂದ್ರೆ ಹುಟ್ಟಿನಿಂದಲೇ ಬಂದದ್ದು. ಅದರ ಪಾಡಿಗೆ ಅದಿರಲಿ. ಎರಡು ವರ್ಷ ಬಿಟ್ಟು ಮತ್ತೆ ನೋಡೋಣ."

ಡಾಕ್ಟರಮ್ಮನ ಸಂಭ್ರಮವೋ ಸಂಭ್ರಮ. "ಮಿದುಳಿನ ಮಡಿಕೆಗಳೂ ಹಾಗೇ ಇವೆ! ಇಷ್ಟೊಂದು ಹೋಲುವ ಜೋಡಿ ನಾನು ನೋಡೇ ಇಲ್ಲ. ಇನ್ನೊಂದು ವಿಷಯ, ಇಸ್ತ್ರಿಯಮ್ಮ, ಆ ಮುಖಗಳಿಗೆ ನೀವೀಗ ಹೆದರೋದೇ ಇಲ್ಲ!"

ಪುಕ್ಕಲಿ ನೆಲ ನೋಡಿದಳು. ಅಕ್ಕನ ಕಣ್ಣು ಪರದೆಯ ಮೇಲಿನ ಚುಕ್ಕೆಗಳಲ್ಲೇ ಇತ್ತು. ಸದ್ಯ, ಸಿಕ್ಕಿಬೀಳಲಿಲ್ಲವಲ್ಲ ಎಂಬ ಒಂದೇ ನಿರಾಳದಲ್ಲಿ ಪುಕ್ಕಲಿ ಮನೆಗೆ ಬಂದಳು. ಅವಳ ತಲೆಯಲ್ಲಿ ಆಗ ಬೇರೇನೂ ಇರಲಿಲ್ಲ, ಪಾಪ.

ಮರುದಿನ ಕೆಲಸಕ್ಕೆ ಹೊರಡುವ ಮುಂಚೆ ಅಕ್ಕ ಇಸ್ತ್ರಿ ಮೇಜಿನ ಬಳಿ ನಿಂತು ಚಹಾ ಕುಡಿಯುತ್ತಿದ್ದಳು. ಲೋಟ ಎಡಗೈಯಿಂದ ಜಾರಿ, ಆಗಷ್ಟೇ ಮುಗಿಸಿದ ಅಂಗಿಯ ಮೇಲೆ ಬಿತ್ತು. "ಥೂ, ಈ ಕೈ ಇತ್ತೀಚೆಗೆ ಹೇಳಿದ ಮಾತು ಕೇಳಲ್ಲ. ಟಿಕೆಟ್ ಮೆಷಿನ್ನೂ ಬೀಳಿಸ್ತೀನಿ" ಎಂದಳು. ಅವಳು ಹೋದ ಮೇಲೆ ಪುಕ್ಕಲಿ ಆ ಅಂಗಿಯನ್ನು ನೆನೆಸಿ, ಇನ್ನೊಂದನ್ನು ಮೇಜಿಗೆ ಹಾಸಿದಳು. ತೋಳನ್ನು ಒತ್ತುತ್ತಿದ್ದಾಗ ನಿನ್ನೆಯ ಮಾತು ನೆನಪಾಯಿತು. ಇಬ್ಬರಲ್ಲೂ ಇದೆ, ಅದಕ್ಕೇ ಭಯವಿಲ್ಲ. ಇಬ್ಬರಲ್ಲೂ. ಯಾವ ಇಬ್ಬರು? ತಾನು ಆ ಕೊಳವೆಗೆ ಕಾಲಿಟ್ಟೇ ಇಲ್ಲವಲ್ಲ! ಎರಡೂ ಚಿತ್ರ ಅಕ್ಕನದೇ. ಸುಟ್ಟ ವಾಸನೆ ಮೂಗಿಗೆ ಬಡಿದಾಗ ನೋಡುತ್ತಾಳೆ, ತೋಳಿನ ಮೇಲೆ ಪೆಟ್ಟಿಗೆಯ ಕಂದು ಗುರುತು. ಅಷ್ಟು ವರ್ಷದಲ್ಲಿ ಅವಳು ಸುಟ್ಟ ಮೊದಲ ಬಟ್ಟೆ ಅದು.

ಸಂಜೆ ಅಕ್ಕ ಬಂದು ಬೂಟು ಬಿಚ್ಚುವಷ್ಟರಲ್ಲೇ ಪುಕ್ಕಲಿ ಶುರು ಮಾಡಿದಳು. "ಅಕ್ಕಾ, ಆ ಗಂಟು ನಿನಗೊಬ್ಬಳಿಗೇ ಇರೋದು. ನಿಜ ಹೇಳಿಬಿಡೋಣ."

ಅಕ್ಕ ಬೂಟಿನ ದಾರ ಬಿಚ್ಚುತ್ತಲೇ ಇದ್ದಳು. "ನನಗೆ ಅಲ್ಲೇ ಹೊಳೀತು."

"ಹೊಳೆದೂ ಸುಮ್ಮನಿದ್ಯಾ? ನಿನಗೆ ತಲೆ ನೆಟ್ಟಗಿದೆಯಾ?"

"ನೆಟ್ಟಗಿಲ್ಲ ಅಂತ ತಾನೇ ಚಿತ್ರ ತೆಗೆದು ತೋರಿಸಿದ್ದು" ಎಂದು ಅಕ್ಕ ನಗಲು ನೋಡಿದಳು. ತಂಗಿ ನಗಲಿಲ್ಲ. "ನೋಡೇ, ಹೇಳಿದ್ರೆ ನಿನ್ನನ್ನ ಹಿಡಿದು ಆ ಕೊಳವೆಗೆ ತುರುಕ್ತಾರೆ. ನಿನ್ನ ತಲೇಲೂ ಇದೆಯಾ ಇಲ್ವಾ ನೋಡಬೇಕು ಅಂತಾರೆ. ನಿನ್ನ ಕೈಲಿ ಆಗುತ್ತಾ? ಎದೆ ಒಡೆದು ಅಲ್ಲೇ ಸತ್ತುಹೋಗ್ತೀಯ. ಬಿಡು, ನಾನು ಗಟ್ಟಿ. ಎರಡು ವರ್ಷ ತಾನೇ."

"ಎರಡು ವರ್ಷದಲ್ಲಿ ಏನು ಬೇಕಾದ್ರೂ ಆಗಬಹುದು!"

"ಏನೂ ಆಗಲ್ಲ. ಊಟ ಹಾಕು."

ಪುಕ್ಕಲಿಗೆ ಅಕ್ಕನ ಮೇಲೆ ಎಂದೂ ಬಾರದ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಿನ ಸಿಟ್ಟು ತನ್ನ ಮೇಲೆ. ತನ್ನ ಪುಕ್ಕಲುತನವನ್ನು ಕಾಪಾಡಲು ಅಕ್ಕ ಪ್ರಾಣ ಕೊಡಲು ಹೊರಟಿದ್ದಾಳೆ. ತಾನು ಬಲೂನಿಗೆ ಹೆದರಿಕೊಂಡು ಕೂತಿರುವುದೇ? ಅಕ್ಕನಿಲ್ಲದ ಮನೆಯನ್ನು ಒಂದು ಕ್ಷಣ ಯೋಚಿಸಿದಳು. ಅದಕ್ಕಿಂತ ದೊಡ್ಡ ಭಯ ಈ ಲೋಕದಲ್ಲಿ ಅವಳಿಗೆ ಯಾವುದೂ ಕಾಣಲಿಲ್ಲ.

ಬೆಳಿಗ್ಗೆ ಅಕ್ಕ ಬಸ್ಸು ಹತ್ತಿದ ಮೇಲೆ ಪುಕ್ಕಲಿ ಗಂಡನಿಗೆ ಎಲ್ಲವನ್ನೂ ಹೇಳಿ, ಡಾಕ್ಟರಮ್ಮನ ಹತ್ತಿರ ಹೋಗಲು ಸ್ವೆಟರ್ ಹಾಕಿಕೊಂಡಳು. ಗಂಡ 'ಹೂಂ' ಅನ್ನಲಿಲ್ಲ. "ಹೋಗು. ಅವಳಿಗೆ ನಾನು ಹೇಳ್ತೀನಿ" ಎಂದ. ಅಷ್ಟು ಉದ್ದದ ಮಾತು ಅವನ ಬಾಯಿಂದ ಕೇಳಿ ಅವಳಿಗೆ ಇನ್ನಷ್ಟು ಗಾಬರಿಯಾಯಿತು.

ಡಾಕ್ಟರಮ್ಮ ಮೊದಲು ನಕ್ಕುಬಿಟ್ಟಳು. "ಸ್ವೆಟರ್ ಬದಲಾಯಿಸಿದ್ರಾ? ಶೌಚಾಲಯದಲ್ಲಾ?" ಆಮೇಲೆ ಮುಖ ಕೆಂಪಾಯಿತು. "ಇಸ್ತ್ರಿಯಮ್ಮ, ನಿಮ್ಮ ಜೋಡಿ ವಿಷಯ ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳ್ಕೊಂಡು ಬಂದಿದ್ದೀನಿ. ಒಂದೇ ತಲೇನ ಎರಡು ಸಲ ನೋಡಿ, ಎಷ್ಟು ಹೋಲುತ್ತೆ ಅಂತ ಕುಣಿದಾಡಿದೆನಾ ನಾನು?" ಆಮೇಲೆ, ಪುಕ್ಕಲಿ ಲೋಟ ಬಿದ್ದದ್ದನ್ನು ಹೇಳಿದಾಗ, ಆ ಕೆಂಪೂ ಇಳಿದುಹೋಯಿತು. ಎದ್ದು ಫೋನಿನಲ್ಲಿ ತಜ್ಞರೊಡನೆ ಮಾತಾಡಿದಳು. ಬಂದು ಪುಕ್ಕಲಿಯ ಪಕ್ಕದಲ್ಲೇ ಕೂತಳು.

"ನಿಮ್ಮ ತಲೆ ನೋಡಲೇಬೇಕು. ನಿಮ್ಮಲ್ಲೂ ಅದು ಅಲ್ಲೇ ಇದ್ರೆ ಹುಟ್ಟಿದಾಗಿನಿಂದ ಇರೋದು, ನಿಮ್ಮಕ್ಕನ ತಲೆಗೆ ಯಾರೂ ಕೈ ಹಚ್ಚಲ್ಲ. ಇಲ್ಲದಿದ್ರೆ..." ಎಂದು ನಿಲ್ಲಿಸಿದಳು. "ಇಲ್ಲದಿದ್ರೆ ಅದು ಅವರಲ್ಲಿ ಬೆಳೀತಿದೆ ಅಂತ. ತೆಗೀಬೇಕು, ತಡ ಮಾಡೋ ಹಾಗಿಲ್ಲ."

"ಹಾಗಾದ್ರೆ ನನ್ನಲ್ಲೂ ಇದೆ. ಇದ್ದೇ ಇರುತ್ತೆ. ಮೂಗು ಒಂದೇ, ಹಣೆ ಒಂದೇ, ಗಂಟು ಮಾತ್ರ ಬೇರೆಯಾಗುತ್ತಾ?" ಎಂದಳು ಪುಕ್ಕಲಿ. "ನಡೀರಿ, ಈಗಲೇ ಮಲಗ್ತೀನಿ."

ಬಾಯಲ್ಲಿ ಹೇಳುವುದು ಸುಲಭ. ಹಲಗೆಯ ಮೇಲೆ ಮಲಗಿಸಿ, ಕಿವಿಗೆ ಬಿರಡೆ ತುರುಕಿ, ಮುಖದ ಮೇಲೆ ಪಂಜರ ಕೂರಿಸಿ, ಕೈಗೆ ಒಂದು ರಬ್ಬರಿನ ಉಂಡೆ ಕೊಟ್ಟರು. ಆಗದಿದ್ದರೆ ಅದನ್ನು ಅಮುಕಬೇಕು. ಹಲಗೆ ಸರಿಯಿತು. ಕೊಳವೆಯ ಬಾಯಿ ಹುಬ್ಬಿನವರೆಗೆ ಬರುವ ಮೊದಲೇ ಅವಳು ಉಂಡೆಯನ್ನು ಹಿಂಡಿ ಹಿಪ್ಪೆ ಮಾಡಿದ್ದಳು. ಹೊರಕ್ಕೆ ಎಳೆದರು. ಎದ್ದು ಕೂತು ಏದುಸಿರು ಬಿಟ್ಟಳು. "ಇನ್ನೊಂದು ಸಲ" ಎಂದಳು. ಆ ಸಲ ಮೂಗಿನವರೆಗೆ ಹೋದಳು. ಮತ್ತೆ ಅಮುಕಿದಳು. ಮೈಯೆಲ್ಲ ಒದ್ದೆ. ಟೆಕ್ನಿಷಿಯನ್, "ಬೇಡಮ್ಮ, ನಿದ್ದೆಯ ಮದ್ದು ಕೊಟ್ಟು ಇನ್ನೊಂದು ದಿನ ಮಾಡೋಣ" ಎಂದ. ಅವಳು ಅಳುತ್ತಾ, "ಇವತ್ತು ಎದ್ದುಹೋದ್ರೆ ನಾನು ಮತ್ತೆ ಬರಲ್ಲ, ನನಗೆ ನಾನು ಗೊತ್ತು" ಎಂದಳು.

ಅಷ್ಟರಲ್ಲಿ ಹೊರಗೆ ಬಸ್ಸಿನ ಗಂಟಲು ಕೇಳಿಸಿತು. "ಎಲ್ಲಿ ಅವಳು? ಯಾರು ಒಳಗೆ ಹಾಕಿದ್ದು ಅವಳನ್ನ?" ಅಕ್ಕ ಡ್ಯೂಟಿಯ ಸಮವಸ್ತ್ರದಲ್ಲೇ ನುಗ್ಗಿ ಬಂದಿದ್ದಳು. ಟೆಕ್ನಿಷಿಯನ್ ಬಾಗಿಲಿಗೆ ಅಡ್ಡ ನಿಂತ. ಕಬ್ಬಿಣ ಒಳಗೆ ಬರುವಂತಿಲ್ಲ, ಯಂತ್ರ ಸೆಳೆದುಬಿಡುತ್ತದೆ. ಅಕ್ಕ ಬೈಯುತ್ತಲೇ ಎಲ್ಲವನ್ನೂ ತೆಗೆದು ಟ್ರೇಗೆ ಹಾಕಿದಳು: ಸೀಟಿ, ಚಿಲ್ಲರೆ, ಬೆಲ್ಟು, ಬಿಲ್ಲೆ, ಕೂದಲ ಪಿನ್ನುಗಳು. ಆಮೇಲೆ ಒಳಗೆ ಬಂದು ತಂಗಿಯ ಮುಖ ನೋಡಿದವಳೇ ಬೈಗುಳ ಮರೆತಳು.

"ಏಳು ಪುಕ್ಕಲಿ, ಮನೆಗೆ ಹೋಗೋಣ."

"ಏಳಲ್ಲ. ನೀನು ಬೇಕಾದ್ರೆ ಕಾಲು ಹಿಡ್ಕೊಂಡು ಕೂತ್ಕೋ."

ಅಕ್ಕನಿಗೆ ಯಾರೂ ಹಾಗೆ ಆಜ್ಞೆ ಮಾಡಿದ್ದಿಲ್ಲ. ಕಿವಿಗೆ ಬಿರಡೆ ಹಾಕಿಕೊಂಡು, ಸುಮ್ಮನೆ ಹಲಗೆಯ ತುದಿಯಲ್ಲಿ ಸ್ಟೂಲ್ ಎಳೆದು ಕೂತು ತಂಗಿಯ ಪಾದವನ್ನು ಹಿಡಿದುಕೊಂಡಳು. ಹಲಗೆ ಸರಿಯಿತು. ಹುಬ್ಬು, ಮೂಗು, ಗದ್ದ, ಎದೆ ಎಲ್ಲ ಒಳಗಾದವು. ಯಂತ್ರ ಬಡಿಯತೊಡಗಿತು, ತಗಡಿನ ಡಬ್ಬಕ್ಕೆ ಸುತ್ತಿಗೆಯಿಂದ ಹೊಡೆದಂತೆ. ಪುಕ್ಕಲಿಯ ಬೆರಳು ಉಂಡೆಯ ಮೇಲೆ ಬಿಗಿಯಾಯಿತು. ಆಗ ಗಮನಿಸಿದಳು: ಕಾಲು ನಡುಗುತ್ತಿರುವುದು ತನ್ನಿಂದಲ್ಲ. ನಡುಗುತ್ತಿರುವುದು ಅಕ್ಕನ ಕೈ. ಅಕ್ಕನಿಗೆ ಭಯವಾಗುತ್ತಿದೆ! ಢಮ್ ಎಂದರೂ ಗೆರೆ ಮಿಸುಕದ ಅಕ್ಕನಿಗೆ! ಅಯ್ಯೋ ನನ್ನ ಅಕ್ಕನೇ, ಮೊನ್ನೆಯಿಂದ ಒಬ್ಬಳೇ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಟಿಕೆಟ್ ಹರಿದೆಯಾ ಎಂದು ಪುಕ್ಕಲಿ ಮನಸ್ಸಿನಲ್ಲೇ ಅಂದುಕೊಂಡಳು. ಬೆರಳು ತಾನಾಗಿ ಸಡಿಲವಾಯಿತು. ಕಣ್ಣು ಮುಚ್ಚಿ ಬೇಡಿಕೊಳ್ಳಲು ಶುರು ಮಾಡಿದಳು. ಆ ಕೊಳವೆಯೊಳಗೆ ಮಲಗಿದವರೆಲ್ಲ ತಲೆಯಲ್ಲಿ ಏನೂ ಇಲ್ಲದಿರಲಪ್ಪ ಎಂದು ಬೇಡುತ್ತಾರೆ. ಇವಳೊಬ್ಬಳು ಬೇಡಿದ್ದೇ ಬೇರೆ. ದೇವರೇ, ನನ್ನ ತಲೆಯಲ್ಲೂ ಇರಲಿ. ಬಲಗಡೆಯೇ ಇರಲಿ. ಬಟಾಣಿಯಷ್ಟೇ ಇರಲಿ.

ಹೊರಗೆ ತೆಗೆದಾಗ ಅವಳ ಕೈಯ ಉಂಡೆ ಅಮುಕದೆ ಹಾಗೇ ಇತ್ತು. ಪಕ್ಕದ ಕೋಣೆಯಲ್ಲಿ ಡಾಕ್ಟರಮ್ಮ, ತಜ್ಞರು ಇಬ್ಬರೂ ಪರದೆಯ ಮುಂದೆ ನಿಂತಿದ್ದರು. ತಜ್ಞರು ತಿರುಗಿ, ತುಂಬ ಮೆಲ್ಲಗೆ ಹೇಳಿದರು: "ನಿಮ್ಮ ತಲೆಯಲ್ಲಿ ಏನೂ ಇಲ್ಲಮ್ಮ. ಪೂರ್ತಿ ಸ್ವಚ್ಛವಾಗಿದೆ."

"ಸರಿಯಾಗಿ ನೋಡಿ" ಎಂದಳು ಪುಕ್ಕಲಿ.

"ನೋಡಿದ್ವಿ."

"ಇನ್ನೊಂದು ಸಲ ನೋಡಿ ಸಾರ್. ಎಲ್ಲಾದ್ರೂ ಮೂಲೇಲಿ ಇರಬಹುದು. ನಾನು ಅಲ್ಲಾಡಿದೆನೇನೋ, ಅದಕ್ಕೇ ಕಾಣ್ತಿಲ್ಲ. ಬೇಕಾದ್ರೆ ಮತ್ತೆ ಮಲಗ್ತೀನಿ. ಎಷ್ಟು ಹೊತ್ತು ಬೇಕಾದ್ರೂ ಮಲಗ್ತೀನಿ!" ಡಾಕ್ಟರಮ್ಮನ ಕೋಟಿನ ತೋಳು ಹಿಡಿದು ಅಂಗಲಾಚಿದಳು. ಆ ಹುಡುಗಿ ಮುಖ ಬೇರೆ ಕಡೆ ತಿರುಗಿಸಿಕೊಂಡಳು.

ಅಕ್ಕ ಬಂದು ತಂಗಿಯ ಕೈಯನ್ನು ತೋಳಿನಿಂದ ಬಿಡಿಸಿದಳು. "ಸಾಕು ಬಿಡೇ" ಎಂದಳು. ಆ ಕೈಯನ್ನು ತಾನೇ ಹಿಡಿದುಕೊಂಡು, ಬಸ್ಸಿನಲ್ಲಿ ಯಾರೂ ಕೇಳಿರದ ಸಣ್ಣ ದನಿಯಲ್ಲಿ, "ನನಗೆ ಭಯ ಆಗ್ತಿದೆ" ಎಂದಳು.

"ಆಗ್ಲಿ" ಎಂದಳು ಪುಕ್ಕಲಿ, ಮೂಗು ಒರೆಸಿಕೊಂಡು. "ಅದರ ಅಭ್ಯಾಸ ನನಗಿದೆ. ನಾನು ಹೇಳಿದ ಹಾಗೆ ಕೇಳು."

ಆ ವಾರವೇ ಶಸ್ತ್ರಚಿಕಿತ್ಸೆಯಾಯಿತು. ಲಾಂಡ್ರಿಗೆ ಬೀಗ ಬಿತ್ತು. ಗಂಡಹೆಂಡತಿ ಇಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತರು, ಡಾಕ್ಟರಮ್ಮ ತನ್ನ ಕೆಲಸ ಬಿಟ್ಟು ಬಂದು ಅವರ ನಡುವೆ ಕೂತಳು. ಗಂಟು ಇಡಿಯಾಗಿ ಬಂತು. ಮತ್ತೆ ಬೆಳೆಯುವ ಜಾತಿಯದಲ್ಲ, ಆದರೆ ಎರಡು ವರ್ಷ ಬಿಟ್ಟಿದ್ದರೆ ಎಡಗೈ, ಎಡಗಾಲು ಎರಡೂ ಹೋಗುತ್ತಿದ್ದವು, ಆಮೇಲೆ ಜೀವವೂ ಉಳಿಯುತ್ತಿರಲಿಲ್ಲ ಎಂದರು ತಜ್ಞರು. ಪುಕ್ಕಲಿಯನ್ನು ಒಳಗೆ ಬಿಟ್ಟಾಗ ಅಕ್ಕ ತಲೆ ತುಂಬ ಬಿಳಿ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದಳು, ಮುಖ ಊದಿಕೊಂಡಿತ್ತು. ಅಷ್ಟು ದಿನ ತಡೆದಿದ್ದೆಲ್ಲ ಒಮ್ಮೆಲೇ ಒಡೆದು ಪುಕ್ಕಲಿ ಹಾಸಿಗೆಯ ಪಕ್ಕ ನಿಂತು ಹೋ ಎಂದು ಅತ್ತಳು. ಅಕ್ಕ ಒಂದು ಕಣ್ಣು ಬಿಟ್ಟಳು. ನರ್ಸು ಬಾಗಿ ಏನು ಬೇಕಮ್ಮ ಎಂದು ಕೇಳಿದಳು. ಅಕ್ಕ ಅವಳನ್ನು ನೋಡಲಿಲ್ಲ, ತಂಗಿಯನ್ನೇ ನೋಡಿದಳು.

"ನನ್ನ ಮುಖ ಇಟ್ಕೊಂಡು ಹೀಗೆ ಅಳಬೇಡ್ವೇ," ಎಂದಳು ತೊದಲುತ್ತಾ, "ನೋಡಿದೋರು ನಾನೇ ಅಳ್ತಿದ್ದೀನಿ ಅಂದ್ಕೊಂಡಾರು."